ಕೈಗೆ ಅಂಟಿದ ಅಣು: ಸ್ಫೋಟಕದ ಜಾಡು ಹಿಡಿದ ವಿಜ್ಞಾನದ ಕತೆ

ಮದ್ದುಗುಂಡುಗಳ ಇತಿಹಾಸವನ್ನು ಬರೆದವರು ಬಹಳ ಮಂದಿ. ಯಾರು ಮೊದಲು ತಯಾರಿಸಿದರು, ಯಾವ ಯುದ್ಧದಲ್ಲಿ ಬಳಸಿದರು, ಯಾವ ಕೋಟೆ ಉರುಳಿತು ಎಂಬುದೆಲ್ಲ ಶಾಲೆಯ ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ. ಆದರೆ ಸ್ಫೋಟಕವನ್ನು ಮುಟ್ಟಿದವನ ಕೈಯಲ್ಲಿ ಉಳಿಯುವ, ಕಣ್ಣಿಗೆ ಕಾಣದ ಅದರ ಲೇಶವನ್ನು ಪತ್ತೆ ಹಚ್ಚುವ ವಿದ್ಯೆಗೂ ಒಂದು ಇತಿಹಾಸವಿದೆ. ಅದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಂದು ಈ ವಿದ್ಯೆ ನ್ಯಾನೋ ತಂತ್ರಜ್ಞಾನದ ಕೈಗೆ ಬಂದಿದೆ. ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗಕ್ಕೆ ನ್ಯಾನೋಗ್ರಾಮ್ ಎನ್ನುತ್ತಾರೆ. ಅಂತಹ ಕೆಲವೇ ನ್ಯಾನೋಗ್ರಾಮುಗಳಷ್ಟು ಸ್ಫೋಟಕ ಚೀಲದ ಹಿಡಿಕೆಯ ಮೇಲಿದ್ದರೂ ಗುರುತಿಸಬಲ್ಲ ಸಂವೇದಕಗಳು ತಯಾರಾಗಿವೆ.

ವಿಮಾನ ನಿಲ್ದಾಣ, ರೈಲು ನಿಲ್ದಾಣ, ಜಾತ್ರೆ, ಮಾರುಕಟ್ಟೆಗಳಲ್ಲಿ ಅಮಾಯಕರ ಪ್ರಾಣ ಉಳಿಸುವ ಇಂತಹ ಸಾಧನಗಳನ್ನು ಯಾರೂ ಬೇಡವೆನ್ನಲಾರರು. ಆದರೆ ಇದೇ ವಿದ್ಯೆಯ ಹಳೆಯ ರೂಪವೊಂದು ಏನೂ ತಪ್ಪು ಮಾಡದ ಆರು ಮಂದಿಯನ್ನು 16 ವರ್ಷ ಜೈಲಿನಲ್ಲಿ ಕೊಳೆಯುವಂತೆ ಮಾಡಿತ್ತು. ಆದ್ದರಿಂದ ಹೊಸ ಸಂವೇದಕಗಳ ಬಗ್ಗೆ ತಿಳಿಯುವ ಮುನ್ನ ಆ ಹಳೆಯ ಕತೆಯನ್ನು ಅರಿಯುವುದು ಅಗತ್ಯ.

ಪೆಟ್ಲುಪ್ಪಿನಿಂದ ಡೈನಮೈಟ್‌ವರೆಗೆ

ಮದ್ದಿನ ಪುಡಿ ಚೀನಾದ ಕೊಡುಗೆ. ಅದರ ಮುಖ್ಯ ಅಂಶವಾದ ಪೆಟ್ಲುಪ್ಪನ್ನು ಅರಬ್ ವಿದ್ವಾಂಸರು 'ಚೀನಾದ ಹಿಮ' ಎಂದು ಕರೆದರು. 13ನೇ ಶತಮಾನದ ಕೊನೆಯ ಭಾಗದಲ್ಲಿ ಸಿರಿಯಾದ ಹಸನ್ ಅರ್ರಮ್ಮಾಹ್ ಪೆಟ್ಲುಪ್ಪನ್ನು ಶುದ್ಧೀಕರಿಸುವ ವಿಧಾನವನ್ನು ತನ್ನ ಯುದ್ಧವಿದ್ಯೆಯ ಗ್ರಂಥದಲ್ಲಿ ವಿವರಿಸಿದ್ದಾನೆ. ಆ ಕಾಲದ ಮದ್ದು ಹೊಗೆಯುಗುಳುತ್ತಿತ್ತು, ಗಂಧಕದ ವಾಸನೆ ಬೀರುತ್ತಿತ್ತು. ಅದನ್ನು ಪತ್ತೆ ಹಚ್ಚಲು ಯಾವ ಯಂತ್ರವೂ ಬೇಕಿರಲಿಲ್ಲ. ಮನುಷ್ಯನ ಮೂಗೇ ಸಾಕಿತ್ತು.

1847ರಲ್ಲಿ ಇಟಲಿಯ ಅಸ್ಕಾನಿಯೊ ಸೊಬ್ರೆರೊ ನೈಟ್ರೊಗ್ಲಿಸರಿನ್ ತಯಾರಿಸಿದ. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಅದನ್ನು ಪಳಗಿಸಿ ಡೈನಮೈಟ್ ಎಂದು ಹೆಸರಿಟ್ಟ. ಸುರಂಗ ಕೊರೆಯಲು, ಕಲ್ಲು ಒಡೆಯಲು ಬಂದ ಈ ವಸ್ತು ಬಲು ಬೇಗ ರಾಜಕೀಯದ ಕೈಗೂ ಸಿಕ್ಕಿತು. 1880ರ ದಶಕದ ಆರಂಭದಲ್ಲಿ ಐರಿಶ್ ಉಗ್ರರು ಲಂಡನ್ನಿನಲ್ಲಿ ಡೈನಮೈಟ್ ಸಿಡಿಸಿದರು. ಅದಕ್ಕೆ ಉತ್ತರವಾಗಿ ಬ್ರಿಟನ್ 1883ರಲ್ಲಿ ಸ್ಫೋಟಕ ವಸ್ತುಗಳ ಕಾಯ್ದೆಯನ್ನು ತಂದಿತು. 1908ರ ಏಪ್ರಿಲ್‌ನಲ್ಲಿ ಮುಜಫ್ಫರ್‌ಪುರದಲ್ಲಿ ಖುದಿರಾಂ ಬೋಸ್ ಮತ್ತು ಸಂಗಡಿಗ ಬಾಂಬ್ ಎಸೆದ ಮೇಲೆ, ಅದೇ ವರ್ಷದ ಜೂನ್‌ನಲ್ಲಿ ಅದೇ ಹೆಸರಿನ ಕಾಯ್ದೆ ಭಾರತಕ್ಕೂ ಬಂತು. ಇಂದಿಗೂ ನಮ್ಮ ದೇಶದ ಬಾಂಬ್ ಪ್ರಕರಣಗಳಲ್ಲಿ ಈ 1908ರ ಕಾಯ್ದೆಯ ಕಲಮುಗಳನ್ನು ಹಾಕುತ್ತಾರೆ.

ಕಾಯ್ದೆ ಬಂದ ಮೇಲೆ ಸಾಕ್ಷ್ಯ ಬೇಕು. ಸ್ಫೋಟಕವನ್ನು ಮುಟ್ಟಿದವನು ಯಾರೆಂದು ತೋರಿಸುವ ಸಾಕ್ಷ್ಯ ಎಲ್ಲಿಂದ ಬರಬೇಕು? ಅದು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಜರ್ಮನಿಯ ರಸಾಯನಶಾಸ್ತ್ರಜ್ಞ ಪೀಟರ್ ಗ್ರೀಸ್ ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಿಯರ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. 1879ರಲ್ಲಿ ಆತ ನೈಟ್ರೈಟ್ ಎಂಬ ಲವಣದ ಅತಿ ಸಣ್ಣ ಪ್ರಮಾಣವನ್ನೂ ಬಣ್ಣದಿಂದ ಗುರುತಿಸುವ ವಿಧಾನವನ್ನು ಪ್ರಕಟಿಸಿದ. ದ್ರಾವಣಕ್ಕೆ ಎರಡು ರಾಸಾಯನಿಕಗಳನ್ನು ಬೆರೆಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೈಟ್ರೈಟ್ ಇದೆ ಎಂದರ್ಥ. ಇಂದಿಗೂ ಕುಡಿಯುವ ನೀರಿನ ಪರೀಕ್ಷೆಯಲ್ಲಿ, ಆಸ್ಪತ್ರೆಗಳ ಮೂತ್ರ ಪರೀಕ್ಷೆಯ ಪಟ್ಟಿಗಳಲ್ಲಿ ಇದೇ ತತ್ವ ಕೆಲಸ ಮಾಡುತ್ತಿದೆ.

ನೈಟ್ರೊಗ್ಲಿಸರಿನ್ ಕ್ಷಾರದಲ್ಲಿ ಒಡೆದಾಗ ನೈಟ್ರೈಟ್ ಹೊರಬರುತ್ತದೆ. ಹಾಗಾಗಿ ಶಂಕಿತನ ಕೈಯನ್ನು ಹತ್ತಿಯ ಉಂಡೆಯಿಂದ ಒರೆಸಿ ಗ್ರೀಸ್ ಪರೀಕ್ಷೆ ಮಾಡಬಹುದು ಎಂದು ಪೊಲೀಸ್ ಪ್ರಯೋಗಾಲಯಗಳು ಕಂಡುಕೊಂಡವು. ಆದರೆ ಈ ಪರೀಕ್ಷೆ ಹೇಳುವುದು 'ಇಲ್ಲಿ ನೈಟ್ರೈಟ್ ಇದೆ' ಎಂದು ಮಾತ್ರ. ಅದು ಎಲ್ಲಿಂದ ಬಂತು ಎಂದು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಇಸ್ಪೀಟು ಆಡಿದ್ದೇ ಅಪರಾಧವಾಯಿತು

1974ರ ನವೆಂಬರ್ 21ರ ರಾತ್ರಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಎರಡು ಮದ್ಯದಂಗಡಿಗಳಲ್ಲಿ ಬಾಂಬ್ ಸಿಡಿದು 21 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಯುವಜನರು. ದೇಶವೇ ತತ್ತರಿಸಿತು. ಐರಿಶ್ ರಿಪಬ್ಲಿಕನ್ ಸೇನೆಯ ಕೃತ್ಯವೆಂಬುದು ಎಲ್ಲರ ಮಾತಾಗಿತ್ತು. ಬ್ರಿಟನ್ನಿನಲ್ಲಿದ್ದ ಐರಿಶ್ ಮೂಲದ ಜನರೆಲ್ಲ ರಾತ್ರೋರಾತ್ರಿ ಸಂಶಯದ ಕಣ್ಣಿಗೆ ಗುರಿಯಾದರು. ಕೆಲಸದ ಸ್ಥಳಗಳಲ್ಲಿ ಅವರ ಮೇಲೆ ಹಲ್ಲೆಗಳಾದವು. ಸ್ಫೋಟವಾದ ಎಂಟೇ ದಿನಗಳಲ್ಲಿ ಸಂಸತ್ತು ಭಯೋತ್ಪಾದನೆ ತಡೆ ಕಾಯ್ದೆಯನ್ನು ಅಂಗೀಕರಿಸಿ, ಆರೋಪ ಹೊರಿಸದೆ ಏಳು ದಿನ ಬಂಧನದಲ್ಲಿಡುವ ಅಧಿಕಾರವನ್ನು ನೀಡಿತು. ಟಾಡಾ, ಪೋಟಾಗಳನ್ನು ಕಂಡ ನಮಗೆ ಈ ಕ್ರಮದ ಪರಿಚಯ ಚೆನ್ನಾಗಿಯೇ ಇದೆ.

ಅಂದು ಸಂಜೆ ಐವರು ಐರಿಶ್ ಕಾರ್ಮಿಕರು ಬರ್ಮಿಂಗ್‌ಹ್ಯಾಮ್‌ನಿಂದ ರೈಲು ಹತ್ತಿ ಹೇಶಮ್ ಬಂದರಿಗೆ ಹೊರಟಿದ್ದರು. ಅಲ್ಲಿಂದ ಹಡಗಿನಲ್ಲಿ ಬೆಲ್‌ಫಾಸ್ಟ್‌ಗೆ ಹೋಗುವುದಿತ್ತು. ಸತ್ತ ಪರಿಚಿತನೊಬ್ಬನ ಅಂತ್ಯಕ್ರಿಯೆ ಅವರ ಪ್ರಯಾಣದ ಉದ್ದೇಶಗಳಲ್ಲಿ ಒಂದಾಗಿತ್ತು. ಆ ಪರಿಚಿತ ಜೇಮ್ಸ್ ಮೆಕ್‌ಡೇಡ್, ಕೊವೆಂಟ್ರಿಯಲ್ಲಿ ತಾನೇ ಇಡುತ್ತಿದ್ದ ಬಾಂಬ್ ಸಿಡಿದು ಸತ್ತವನು. ಈ ಕಾರಣದಿಂದ ಅವರ ಮೇಲೆ ಸಂಶಯ ಬಂದುದು ಸಹಜವೇ ಇರಬಹುದು. ದಾರಿಯುದ್ದಕ್ಕೂ ಸಮಯ ಕಳೆಯಲು ಅವರು ಇಸ್ಪೀಟು ಆಡಿದ್ದರು. ಹೇಶಮ್‌ನಲ್ಲಿ ಪೊಲೀಸರು ಅವರನ್ನು ತಡೆದು ಮೋರ್‌ಕ್ಯಾಂಬ್ ಠಾಣೆಗೆ ಕರೆದೊಯ್ದರು. ಮರುದಿನ ಬೆಳಗಿನ ಜಾವ ಗೃಹ ಇಲಾಖೆಯ ವಿಧಿವಿಜ್ಞಾನಿ ಡಾ. ಫ್ರಾಂಕ್ ಸ್ಕೂಸ್ ಬಂದು ಅವರ ಕೈಗಳನ್ನು ಒರೆಸಿ ಗ್ರೀಸ್ ಪರೀಕ್ಷೆ ನಡೆಸಿದರು. ಇಬ್ಬರ ಕೈಯ ಮಾದರಿ ಗುಲಾಬಿ ಬಣ್ಣಕ್ಕೆ ತಿರುಗಿತು. ಆ ಬಣ್ಣದಿಂದ ಅವರ ಹಣೆಬರಹವೇ ಬದಲಾಯಿತು. ರೈಲು ನಿಲ್ದಾಣದಲ್ಲಿ ಅವರನ್ನು ಬೀಳ್ಕೊಟ್ಟಿದ್ದ ಆರನೆಯವನನ್ನೂ ಬಂಧಿಸಲಾಯಿತು. ಅಪರಾಧಿಗಳು ಸಿಕ್ಕಿಬಿದ್ದರೆಂದು ನಂಬಿದ ಪೊಲೀಸರು ಅವರನ್ನು ಹೊಡೆದು ಬಡಿದು ನಾಲ್ವರಿಂದ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡರು.

ವಿಚಾರಣೆಯಲ್ಲಿ ಡಾ. ಸ್ಕೂಸ್, ಆ ಇಬ್ಬರು ಸ್ಫೋಟಕ ಮುಟ್ಟಿದ್ದಾರೆಂದು ತನಗೆ ಶೇ. 99ರಷ್ಟು ಖಾತ್ರಿಯಿದೆ ಎಂದರು. ಸರಕಾರದ ಸ್ಫೋಟಕ ವಿಭಾಗದಲ್ಲಿ ಹಿಂದೆ ಮುಖ್ಯ ನಿರೀಕ್ಷಕರಾಗಿದ್ದ ಡಾ. ಹ್ಯೂ ಬ್ಲ್ಯಾಕ್ ಇದನ್ನು ಅಲ್ಲಗಳೆದರು. ನೈಟ್ರೊಸೆಲ್ಯುಲೋಸ್ ಇರುವ ಬೇರೆ ವಸ್ತುಗಳಿಂದಲೂ ಇದೇ ಬಣ್ಣ ಬರಬಹುದೆಂದು ಅವರು ಹೇಳಿದರು. ವಾರ್ನಿಷ್, ಬಣ್ಣ, ಇಸ್ಪೀಟು ಎಲೆಗಳ ಮೇಲಿನ ಹೊಳಪಿನ ಲೇಪ ಮುಂತಾದುವುಗಳಲ್ಲಿ ಅದು ಇರುತ್ತದೆ. ನ್ಯಾಯಾಧೀಶರು ಬ್ಲ್ಯಾಕ್‌ರ ಮಾತಿಗೆ ಬೆಲೆ ಕೊಡಲಿಲ್ಲ. 1975ರ ಆಗಸ್ಟ್‌ನಲ್ಲಿ ಆರು ಮಂದಿಗೂ ಜೀವಾವಧಿ ಶಿಕ್ಷೆಯಾಯಿತು.

1985ರಲ್ಲಿ 'ವರ್ಲ್ಡ್ ಇನ್ ಆ್ಯಕ್ಷನ್' ಎಂಬ ಟಿವಿ ಕಾರ್ಯಕ್ರಮದವರು ವಿಜ್ಞಾನಿಗಳಿಂದ ಆ ಪರೀಕ್ಷೆಯನ್ನು ಮತ್ತೆ ಮಾಡಿಸಿದರು. ಇಸ್ಪೀಟು ಎಲೆಗಳನ್ನು ಮುಟ್ಟಿದ ಕೈಯಿಂದಲೂ ಅದೇ ಗುಲಾಬಿ ಬಣ್ಣ ಬಂತು! ಮರುವರ್ಷ ಪತ್ರಕರ್ತ ಕ್ರಿಸ್ ಮುಲ್ಲಿನ್ ಈ ಪ್ರಕರಣದ ಬಗ್ಗೆ ಪುಸ್ತಕ ಬರೆದರು. ಆದರೂ 1988ರಲ್ಲಿ ಮೇಲ್ಮನವಿ ವಜಾ ಆಯಿತು. ಕೊನೆಗೆ 1991ರ ಮಾರ್ಚ್ 14ರಂದು ಪೊಲೀಸರ ದಾಖಲೆಗಳೂ ವಿಜ್ಞಾನಿಯ ಸಾಕ್ಷ್ಯವೂ ನಂಬಲರ್ಹವಲ್ಲವೆಂದು ಕಂಡುಬಂದು ಆರು ಮಂದಿಯೂ ಬಿಡುಗಡೆಯಾದರು. ಅಷ್ಟರಲ್ಲಿ 16 ವರ್ಷಗಳು ಕಳೆದಿದ್ದವು. ಅತ್ತ ನಿಜವಾದ ಬಾಂಬರ್‌ಗಳಿಗೆ ಇದುವರೆಗೂ ಶಿಕ್ಷೆಯಾಗಿಲ್ಲ. ಸತ್ತ 21 ಮಂದಿಯ ಕುಟುಂಬಗಳಿಗೂ ನ್ಯಾಯ ಸಿಗಲಿಲ್ಲ. ತಪ್ಪು ವ್ಯಕ್ತಿಯನ್ನು ಹಿಡಿದಾಗ ಅನ್ಯಾಯವಾಗುವುದು ಅವನೊಬ್ಬನಿಗೇ ಅಲ್ಲ, ಸತ್ತವರಿಗೂ ಆಗುತ್ತದೆ.

ಹದಿಮೂರರ ಹುಡುಗನ ಉಗುರು

ಅದೇ ವರ್ಷದ ಡಿಸೆಂಬರ್‌ನಲ್ಲಿ ಲಂಡನ್ನಿನ ಆ್ಯನಿ ಮೆಗ್ವಾಯರ್ ಎಂಬ ಗೃಹಿಣಿಯ ಮನೆಗೆ ಪೊಲೀಸರು ನುಗ್ಗಿದರು. ಆಕೆ, ಗಂಡ, ಇಬ್ಬರು ಗಂಡುಮಕ್ಕಳು, ಸೋದರ, ಒಬ್ಬ ಸ್ನೇಹಿತ ಹಾಗೂ ಬೆಲ್‌ಫಾಸ್ಟ್‌ನಿಂದ ಬಂದಿದ್ದ ನೆಂಟ ಜುಸೆಪ್ಪೆ ಕಾನ್ಲನ್ ಹೀಗೆ ಏಳು ಮಂದಿಯನ್ನು ಬಂಧಿಸಿದರು. ಕಿರಿಯ ಮಗನಿಗೆ ಆಗ 13 ವರ್ಷ. ಮನೆಯಲ್ಲಿ ಒಂದು ಚಿಟಿಕೆ ಸ್ಫೋಟಕವೂ ಸಿಗಲಿಲ್ಲ. ಆದರೆ ಕೈಗಳಲ್ಲಿ, ಉಗುರುಗಳ ಸಂದಿಯಲ್ಲಿ ಹಾಗೂ ಆ್ಯನಿಯವರ ಪ್ಲಾಸ್ಟಿಕ್ ಕೈಗವಸುಗಳಲ್ಲಿ ನೈಟ್ರೊಗ್ಲಿಸರಿನ್ ಲೇಶವಿದೆ ಎಂದು ಪ್ರಯೋಗಾಲಯ ವರದಿ ಕೊಟ್ಟಿತು. 1976ರ ಮಾರ್ಚ್‌ನಲ್ಲಿ ಎಲ್ಲರಿಗೂ ಶಿಕ್ಷೆಯಾಯಿತು. ಆ್ಯನಿಗೆ 14 ವರ್ಷ, ಚಿಕ್ಕ ಹುಡುಗನಿಗೆ 4 ವರ್ಷ. ಕಾಯಿಲೆಯಿಂದ ನರಳುತ್ತಿದ್ದ ಜುಸೆಪ್ಪೆ ಕಾನ್ಲನ್ 1980ರಲ್ಲಿ ಕೈದಿಯಾಗಿಯೇ ಕಣ್ಣುಮುಚ್ಚಿದರು.

ನಿವೃತ್ತ ನ್ಯಾಯಾಧೀಶ ಸರ್ ಜಾನ್ ಮೇ ನಡೆಸಿದ ವಿಚಾರಣೆಯ ಬಳಿಕ 1991ರ ಜೂನ್‌ನಲ್ಲಿ ಈ ಶಿಕ್ಷೆಗಳು ರದ್ದಾದವು. ಮನೆಯಲ್ಲಿ ಎಲ್ಲರೂ ಕೈ ಒರೆಸಿಕೊಂಡ ಒಂದು ಟವೆಲ್‌ನಿಂದಲೇ ಲೇಶ ಕೈಯಿಂದ ಕೈಗೆ ಹರಡಿರಬಹುದು ಎಂಬ ಸಾಧ್ಯತೆಯನ್ನು ನ್ಯಾಯಾಲಯ ಒಪ್ಪಿತು. ಒಂದೇ ಟವೆಲ್ ಬಳಸುವ ಮನೆಗಳು ಎಷ್ಟಿಲ್ಲ! 1992ರಲ್ಲಿ ಜೂಡಿತ್ ವಾರ್ಡ್ ಎಂಬ ಮಹಿಳೆ 18 ವರ್ಷಗಳ ಬಳಿಕ ಹೊರಬಂದಾಗ ಇನ್ನೊಂದು ಸತ್ಯ ಬಯಲಾಯಿತು. ತಮ್ಮ ವಾದಕ್ಕೆ ಒಗ್ಗದ ಪರೀಕ್ಷಾ ಫಲಿತಾಂಶಗಳನ್ನು ಸರಕಾರಿ ವಿಜ್ಞಾನಿಗಳು ಆರೋಪಿಯ ವಕೀಲರಿಂದ ಮುಚ್ಚಿಟ್ಟಿದ್ದರು. 2005ರ ಫೆಬ್ರವರಿಯಲ್ಲಿ ಪ್ರಧಾನಿ ಟೋನಿ ಬ್ಲೇರ್ ಮೆಗ್ವಾಯರ್ ಕುಟುಂಬದ ಕ್ಷಮೆ ಯಾಚಿಸಿದರು.

ಈ ಪ್ರಕರಣಗಳಿಂದ ಬ್ರಿಟನ್ ಕೆಲವು ಪಾಠಗಳನ್ನಾದರೂ ಕಲಿಯಿತು. ತಪ್ಪು ತೀರ್ಪುಗಳನ್ನು ಮರುಪರಿಶೀಲಿಸಲೆಂದೇ 1997ರಲ್ಲಿ ಸ್ವತಂತ್ರ ಆಯೋಗವೊಂದು ಕೆಲಸ ಆರಂಭಿಸಿತು. ಸ್ಫೋಟಕ ಪ್ರಯೋಗಾಲಯದ ವಿಜ್ಞಾನಿಗಳು ಸಾರ್ವಜನಿಕ ಸ್ಥಳಗಳಿಂದ ಮಾದರಿ ಸಂಗ್ರಹಿಸಿ, ಸಾಮಾನ್ಯ ಜನರ ಸುತ್ತಮುತ್ತ ಸ್ಫೋಟಕದ ಲೇಶ ಎಷ್ಟಿರುತ್ತದೆ ಎಂದು ಸಮೀಕ್ಷೆ ಮಾಡಿದರು. ಶಂಕಿತನ ಕೈಯಲ್ಲಿ ಸಿಕ್ಕಿದ್ದು ಅಸಾಮಾನ್ಯವೇ ಎಂದು ಹೇಳಬೇಕಾದರೆ ಸಾಮಾನ್ಯ ಯಾವುದೆಂದು ಮೊದಲು ತಿಳಿದಿರಬೇಕಲ್ಲವೇ? ಇಷ್ಟಾದರೂ 1996ರಲ್ಲಿ ಅದೇ ಪ್ರಯೋಗಾಲಯದ ಒಂದು ಯಂತ್ರಕ್ಕೆ ಆರ್‌ಡಿಎಕ್ಸ್ ಅಂಟಿಕೊಂಡಿದ್ದುದು ಪತ್ತೆಯಾಗಿ, ಹಳೆಯ ಪ್ರಕರಣಗಳನ್ನು ಮತ್ತೆ ತೆರೆದು ನೋಡಬೇಕಾಯಿತು. ಲೇಶವನ್ನು ಹುಡುಕುವ ಜಾಗದಲ್ಲೇ ಲೇಶವಿತ್ತು!

ಆವಿಯ ಬೆನ್ನು ಹತ್ತಿ

ಯಂತ್ರದ ತಪ್ಪು ಒಂದೇ ದಿಕ್ಕಿನಲ್ಲಿ ಆಗುವುದಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ಟೊರೊಂಟೊ ವಿಮಾನ ನಿಲ್ದಾಣದಲ್ಲಿ ಅಂದು ಎಕ್ಸ್‌ರೇ ಯಂತ್ರ ಕೆಟ್ಟಿತ್ತು. ಉಳಿದ ಚೀಲಗಳನ್ನು ಆವಿಯಿಂದ ಸ್ಫೋಟಕ ಗುರುತಿಸುತ್ತದೆನ್ನಲಾದ ಕೈಯಂತ್ರದಿಂದ ಪರೀಕ್ಷಿಸಲಾಯಿತು. ಆ ಯಂತ್ರ ನಂಬಿಕೆಗೆ ಯೋಗ್ಯವಲ್ಲವೆಂದು ಅದೇ ವರ್ಷದ ಆರಂಭದಲ್ಲಿ ನಡೆದ ಪರೀಕ್ಷೆಯಲ್ಲೇ ಕಂಡುಬಂದಿತ್ತು. ಕೆನಡಾದ ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗ 2010ರ ತನ್ನ ವರದಿಯಲ್ಲಿ ಈ ಲೋಪಗಳನ್ನೆಲ್ಲ ಬಿಡಿಸಿಟ್ಟಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಇಲ್ಲದ್ದನ್ನು ಇದೆ ಎಂದು ನಂಬಿಸಿತು; ಟೊರೊಂಟೊದಲ್ಲಿ ಇದ್ದುದನ್ನು ಹಿಡಿಯದೇ ಹೋಯಿತು.

ಕಷ್ಟ ಎಲ್ಲಿದೆಯೆಂದರೆ, ಇಂದಿನ ಸ್ಫೋಟಕಗಳು ಬಲು ಕಡಿಮೆ ಆವಿಯಾಗುತ್ತವೆ. ಟಿಎನ್‌ಟಿಯ ಪಕ್ಕದ ಗಾಳಿಯಲ್ಲಿ ನೂರು ಕೋಟಿ ಅಣುಗಳಿದ್ದರೆ ಅವುಗಳಲ್ಲಿ ಟಿಎನ್‌ಟಿಯವು ಕೆಲವೇ ಕೆಲವು. ಆರ್‌ಡಿಎಕ್ಸ್ ಅಂತೂ ಇನ್ನೂ ಜಿಪುಣ; ಲಕ್ಷ ಕೋಟಿಯಲ್ಲಿ ಕೆಲವೇ ಅಣುಗಳು. ನಾಯಿಯ ಮೂಗು ಇಂತಹ ಕೆಲಸಕ್ಕೆ ದೇವರು ಕೊಟ್ಟ ಅದ್ಭುತ ಸಾಧನ. ಆದರೆ ನಾಯಿ ದಣಿಯುತ್ತದೆ, ಅದನ್ನು ಪಳಗಿಸಲು ತಿಂಗಳುಗಳು ಬೇಕು. 1988ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ವಿಮಾನ ಸ್ಫೋಟವಾಗಿ 270 ಮಂದಿ ಸತ್ತ ಬಳಿಕ ಯಂತ್ರಗಳ ಬೇಡಿಕೆ ಹೆಚ್ಚಿತು. ಆಗ ವಿಮಾನ ನಿಲ್ದಾಣಗಳಿಗೆ ಬಂದ ಯಂತ್ರಗಳು ಒರೆಸಿದ ಮಾದರಿಯನ್ನು ಬಿಸಿ ಮಾಡಿ, ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ಕೊಳವೆಯೊಳಗೆ ಅವು ಓಡುವ ವೇಗದಿಂದ ಯಾವ ಅಣುವೆಂದು ಗುರುತಿಸುತ್ತವೆ.

ಸೀರಿಯಲ್ ದೀಪ ಮತ್ತು ಪಾಲಕ್ ಎಲೆ

ಇಲ್ಲಿಂದ ನ್ಯಾನೋ ವಸ್ತುಗಳ ಕತೆ ಶುರುವಾಗುತ್ತದೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ವಸ್ತು ಇಷ್ಟು ಚಿಕ್ಕದಾದಾಗ ಅದರ ಹೆಚ್ಚಿನ ಪರಮಾಣುಗಳು ಮೇಲ್ಮೈಯಲ್ಲೇ ಇರುತ್ತವೆ. ಹೊರಗಿನ ಒಂದು ಅಣು ಬಂದು ಕುಳಿತರೂ ಇಡೀ ವಸ್ತುವಿಗೆ ಅದರ ಅರಿವಾಗುತ್ತದೆ. ದೊಡ್ಡ ಕೆರೆಗೆ ಒಂದು ಹನಿ ಬಿದ್ದರೆ ಗೊತ್ತಾಗುವುದಿಲ್ಲ, ಚಮಚೆಯ ನೀರಿಗೆ ಬಿದ್ದರೆ ಗೊತ್ತಾಗುತ್ತದೆ.

ಅಮೆರಿಕದ ಎಂಐಟಿಯ ಪ್ರೊ. ಟಿಮೊತಿ ಸ್ವೇಗರ್ 1998ರಲ್ಲಿ ಟಿಎನ್‌ಟಿ ಆವಿಗೆ ಸ್ಪಂದಿಸುವ ಹೊಳೆಯುವ ಪಾಲಿಮರ್ ಪದರವೊಂದನ್ನು ಪ್ರಕಟಿಸಿದರು. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಮದುವೆ ಮನೆಗೆ ಹಾಕುವ ಸೀರಿಯಲ್ ದೀಪದ ಸರವನ್ನು ನೆನಪಿಸಿಕೊಳ್ಳಿ. ಒಂದು ಬಲ್ಬು ಕೆಟ್ಟರೆ ಇಡೀ ಸರ ನಂದುತ್ತದೆ. ಈ ಪಾಲಿಮರ್ ಸರಪಣಿಯೂ ಹಾಗೆಯೇ. ಟಿಎನ್‌ಟಿಯ ಒಂದು ಅಣು ಒಂದು ಕಡೆ ಅಂಟಿಕೊಂಡರೆ ಸರಪಣಿಯ ಉದ್ದದ ಹೊಳಪು ಕುಂದುತ್ತದೆ. ಇದನ್ನು ಆಧರಿಸಿ ನೊಮ್ಯಾಡಿಕ್ಸ್ ಎಂಬ ಕಂಪೆನಿ ತಯಾರಿಸಿದ ಸಾಧನಕ್ಕೆ 'ಫೈಡೊ' ಎಂದು ಹೆಸರಿಟ್ಟರು. ಅದು ಅಲ್ಲಿಯವರು ಸಾಕುನಾಯಿಗೆ ಇಡುವ ಹೆಸರು.

2000ದಲ್ಲಿ ಸ್ಟ್ಯಾನ್‌ಫೋರ್ಡ್‌ನ ವಿಜ್ಞಾನಿಗಳು ಕಾರ್ಬನ್ ನ್ಯಾನೋಕೊಳವೆಯ ಮೇಲೆ ಅನಿಲದ ಅಣುಗಳು ಕುಳಿತಾಗ ಅದರಲ್ಲಿ ಹರಿಯುವ ವಿದ್ಯುತ್ ಬದಲಾಗುವುದನ್ನು ತೋರಿಸಿದರು. 2003ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು ಈಜುಕೊಳದ ಜಿಗಿಹಲಗೆಯಂತೆ ಒಂದು ತುದಿ ಮಾತ್ರ ಆತುಕೊಂಡಿರುವ, ಕೂದಲಿಗಿಂತ ತೆಳುವಾದ ಸಿಲಿಕಾನ್ ಪಟ್ಟಿಯ ಮೂಲಕ ಟಿಎನ್‌ಟಿ ಆವಿಯನ್ನು ಗುರುತಿಸಿದರು. 2016ರಲ್ಲಿ ಎಂಐಟಿಯ ಮೈಕೇಲ್ ಸ್ಟ್ರಾನೊ ತಂಡ ಪಾಲಕ್ ಸೊಪ್ಪಿನ ಎಲೆಯೊಳಗೆ ಕಾರ್ಬನ್ ನ್ಯಾನೋಕೊಳವೆಗಳನ್ನು ಸೇರಿಸಿತು. ಬೇರು ಹೀರಿದ ನೀರಿನಲ್ಲಿ ನೈಟ್ರೊ ಸ್ಫೋಟಕದ ಜಾತಿಯ ಅಣುಗಳಿದ್ದರೆ ಎಲೆಯಿಂದ ಹೊಮ್ಮುವ ಅವಗೆಂಪು ಬೆಳಕಿನಲ್ಲಿ ಅದು ಗೊತ್ತಾಗುತ್ತದೆ. ನೆಲಬಾಂಬುಗಳಿಂದ ಕೈಕಾಲು ಕಳಕೊಂಡವರಿರುವ ಅಫ್ಘಾನಿಸ್ತಾನ, ಕಾಂಬೋಡಿಯಗಳಂತಹ ದೇಶಗಳನ್ನು ನೆನೆದರೆ ಇಂತಹ ಸಂಶೋಧನೆಯ ಬೆಲೆ ತಿಳಿಯುತ್ತದೆ.

ಭಾರತವೂ ಹಿಂದೆ ಬಿದ್ದಿಲ್ಲ. 2013ರಲ್ಲಿ ಪುಣೆಯ ಐಸರ್ ಸಂಸ್ಥೆಯ ವಿಜ್ಞಾನಿಗಳು ಲೋಹ ಮತ್ತು ಸಾವಯವ ಅಣುಗಳಿಂದ ಹೆಣೆದ ರಂಧ್ರಮಯ ವಸ್ತುವಿನಿಂದ ನೈಟ್ರೊ ಸ್ಫೋಟಕಗಳನ್ನು ಗುರುತಿಸುವ ವಿಧಾನ ಪ್ರಕಟಿಸಿದರು. ಐಐಟಿ ಬಾಂಬೆಯ ಆಶ್ರಯದಲ್ಲಿ ಬೆಳೆದ ಕಂಪೆನಿಯೊಂದು ಸೂಕ್ಷ್ಮ ಪಟ್ಟಿಯ ತತ್ವವನ್ನೇ ಬಳಸಿ ತಯಾರಿಸಿದ 'ನ್ಯಾನೋಸ್ನಿಫರ್' ಯಂತ್ರವನ್ನು 2021ರ ಏಪ್ರಿಲ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವರು ಬಿಡುಗಡೆ ಮಾಡಿದರು. ನ್ಯಾನೋಗ್ರಾಮ್ ಪ್ರಮಾಣದ ಸ್ಫೋಟಕವನ್ನು ಹತ್ತು ಸೆಕೆಂಡಿನೊಳಗೆ ಗುರುತಿಸುತ್ತದೆ ಎಂಬುದು ತಯಾರಕರ ಹೇಳಿಕೆ.

ಸೂಕ್ಷ್ಮ ಹೆಚ್ಚಿದಷ್ಟೂ ಹೊಣೆ ಹೆಚ್ಚು

ಇಷ್ಟು ಸೂಕ್ಷ್ಮವಾದ ಸಂವೇದಕ ಬಂದ ಮೇಲೆ ತಪ್ಪಿಗೆ ಅವಕಾಶವೆಲ್ಲಿ ಎಂದು ಯಾರಾದರೂ ಕೇಳಬಹುದು. ಹೊಸ ಸಂವೇದಕಗಳು ಗ್ರೀಸ್ ಪರೀಕ್ಷೆಯಂತಲ್ಲ, ಅವು ಅಣುವಿನ ಗುರುತನ್ನು ಹೆಚ್ಚು ಖಚಿತವಾಗಿ ಹೇಳಬಲ್ಲವು ಎಂಬುದು ನಿಜ. ಆದರೆ ಸೂಕ್ಷ್ಮತೆ ಬೇರೆ, ವಿವೇಚನೆ ಬೇರೆ. ಗಾಳಿಯ ತೇವ, ಡೀಸೆಲ್ ಹೊಗೆ, ಸುಗಂಧದ್ರವ್ಯಗಳು ನ್ಯಾನೋ ಸಂವೇದಕಗಳನ್ನೂ ಗಲಿಬಿಲಿಗೊಳಿಸಬಲ್ಲವು. ಅದಕ್ಕಾಗಿಯೇ ಒಂದರ ಬದಲು ಹಲವು ಸಂವೇದಕಗಳ ಗುಂಪನ್ನು ಬಳಸುವ ಪ್ರಯತ್ನ ನಡೆದಿದೆ. ಇನ್ನು ಅಣು ನಿಜವಾಗಿಯೂ ಸ್ಫೋಟಕದ್ದೇ ಆಗಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಹೃದಯದ ಕಾಯಿಲೆಗೆ ನಾಲಿಗೆಯ ಅಡಿಯಲ್ಲಿ ಇಡುವ ಮಾತ್ರೆಯಲ್ಲಿರುವುದು ನೈಟ್ರೊಗ್ಲಿಸರಿನ್. ಕಲ್ಲು ಗಣಿಯಲ್ಲಿ ದುಡಿಯುವವನ ಕೈಯಲ್ಲಿ, ಬಾವಿ ತೋಡುವವನ ಅಂಗಿಯಲ್ಲಿ, ಪಟಾಕಿ ಅಂಗಡಿಯ ಹುಡುಗನ ಚೀಲದಲ್ಲಿ ಲೇಶ ಸಿಕ್ಕರೆ ಆಶ್ಚರ್ಯವೇನು? ಅವನ ಕೈ ಕುಲುಕಿದ ಸ್ನೇಹಿತನ ಕೈಯಲ್ಲೂ ಅದು ಸಿಗಬಹುದು. ಹಿಂದಿನ ಯಂತ್ರಕ್ಕೆ ಕಾಣದಿದ್ದ ಈ ಎರಡನೇ ಕೈಯ ಲೇಶ ಹೊಸ ಯಂತ್ರಕ್ಕೆ ಕಾಣುತ್ತದೆ. ಸೂಕ್ಷ್ಮತೆ ಹೆಚ್ಚಿದಂತೆ ಮೆಗ್ವಾಯರ್ ಮನೆಯ ಟವೆಲ್‌ನಂತಹ ದಾರಿಗಳೂ ಹೆಚ್ಚುತ್ತವೆ.

ಒಂದು ಸಣ್ಣ ಲೆಕ್ಕ ಹಾಕೋಣ. ನೂರರಲ್ಲಿ ಒಮ್ಮೆ ಮಾತ್ರ ತಪ್ಪು ಎಚ್ಚರಿಕೆ ಕೊಡುವ ಒಳ್ಳೆಯ ಯಂತ್ರ ಒಂದಿದೆ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಪ್ರಯಾಣಿಕರಲ್ಲಿ ಒಬ್ಬ ಮಾತ್ರ ನಿಜವಾಗಿ ಸ್ಫೋಟಕ ಹೊತ್ತವನು ಎಂದೂ ಇಟ್ಟುಕೊಳ್ಳಿ. ಯಂತ್ರ ಅವನನ್ನು ಹಿಡಿಯುತ್ತದೆ, ಜೊತೆಗೆ ಸುಮಾರು ಸಾವಿರ ಮಂದಿ ನಿರಪರಾಧಿಗಳನ್ನೂ ಹಿಡಿಯುತ್ತದೆ. ಎಲ್ಲರನ್ನೂ ಸಮಾಧಾನದಿಂದ ಮರುಪರೀಕ್ಷಿಸಿದರೆ ಯಾರಿಗೂ ತೊಂದರೆಯಿಲ್ಲ. ಆದರೆ ಆ ಸಾವಿರ ಮಂದಿಯಲ್ಲಿ ಹೆಸರು, ಗಡ್ಡ, ಟೋಪಿ, ಊರು ನೋಡಿ ಕೆಲವರನ್ನು ಮಾತ್ರ ಪಕ್ಕಕ್ಕೆ ಕರೆದರೆ, ಆಗ ತಪ್ಪು ಮಾಡಿದ್ದು ಯಂತ್ರವಲ್ಲ.

ಈ ಮಾತಿಗೆ ಅತ್ಯಂತ ಕೆಟ್ಟ ಉದಾಹರಣೆ ಥಾಯ್ಲೆಂಡಿನದು. ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಅಲ್ಲಿನ ದಕ್ಷಿಣದ ಪ್ರಾಂತಗಳಲ್ಲಿ ಸೈನ್ಯ ಜಿಟಿ200 ಎಂಬ ಸಾಧನವನ್ನು ಬಳಸುತ್ತಿತ್ತು. ಅದರ ಆಂಟೆನಾ ಯಾರ ಕಡೆ ತಿರುಗಿತೋ ಅವರನ್ನು ಬಂಧಿಸಿದ ಬಗ್ಗೆ ಮಾನವ ಹಕ್ಕು ಸಂಘಟನೆಗಳು ದೂರಿದವು. 2010ರ ಫೆಬ್ರವರಿಯಲ್ಲಿ ಸರಕಾರವೇ ಪರೀಕ್ಷೆ ಮಾಡಿಸಿದಾಗ 20 ಸಲದಲ್ಲಿ 4 ಸಲ ಮಾತ್ರ ಅದು ಸರಿ ಹೇಳಿತು. ಒಳಗೆ ನೋಡಿದರೆ ಬರೀ ಪ್ಲಾಸ್ಟಿಕ್. ಯಾವ ಸಂವೇದಕವೂ ಇರಲಿಲ್ಲ! ಇರಾಕಿಗೆ ಇಂತಹದೇ ಎಡಿಇ 651 ಎಂಬ ಸಾಧನ ಮಾರಿ ಕೋಟ್ಯಂತರ ಪೌಂಡ್ ದೋಚಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ 10 ವರ್ಷ ಜೈಲಾಯಿತು. ಆದರೂ ಬಗ್ದಾದಿನ ತಪಾಸಣಾ ಠಾಣೆಗಳಲ್ಲಿ ಅದೇ ಆಟಿಕೆ ಮುಂದುವರಿಯಿತು. 2016ರ ಜುಲೈನಲ್ಲಿ, ರಮಝಾನಿನ ಕೊನೆಯ ದಿನಗಳಲ್ಲಿ, ಹಬ್ಬದ ಖರೀದಿಗೆ ಬಂದವರಿಂದ ತುಂಬಿದ್ದ ಕರ್ರಾದಾದಲ್ಲಿ ಬಾಂಬ್ ಸಿಡಿದು 300ಕ್ಕೂ ಹೆಚ್ಚು ಮಂದಿ ಸತ್ತ ಬಳಿಕವಷ್ಟೇ ಪ್ರಧಾನಿ ಅದನ್ನು ಹಿಂತೆಗೆಯಲು ಆದೇಶಿಸಿದರು.

ನಮ್ಮ ಮುಂದಿರುವ ಪ್ರಶ್ನೆ

ನಮ್ಮ ದೇಶದ ಅನುಭವವೂ ಇದಕ್ಕೆ ಹೊರತಲ್ಲ. 2006ರ ಜುಲೈ 11ರಂದು ಮುಂಬೈಯ ಲೋಕಲ್ ರೈಲುಗಳಲ್ಲಿ 180ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡ ಸ್ಫೋಟಗಳ ಪ್ರಕರಣದಲ್ಲಿ 2015ರಲ್ಲಿ 12 ಮಂದಿಗೆ ಶಿಕ್ಷೆಯಾಗಿತ್ತು, ಐವರಿಗೆ ಮರಣದಂಡನೆ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿತು. ಬಳಸಿದ್ದು ಯಾವ ಬಗೆಯ ಬಾಂಬ್ ಎಂಬುದನ್ನೇ ಪ್ರಾಸಿಕ್ಯೂಷನ್ ಸಾಬೀತು ಮಾಡಿಲ್ಲವೆಂದೂ, ವಶಪಡಿಸಿಕೊಂಡೆವೆಂದ ಸ್ಫೋಟಕಗಳು ಪ್ರಯೋಗಾಲಯ ಸೇರುವವರೆಗೆ ಸರಿಯಾಗಿ ಮೊಹರಾಗಿ ಸುರಕ್ಷಿತವಾಗಿದ್ದುದಕ್ಕೆ ಪುರಾವೆಯಿಲ್ಲವೆಂದೂ ಅದು ಹೇಳಿತು. ಮೂರೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸುವುದಕ್ಕೆ ತಡೆ ನೀಡಿತು, ಬಿಡುಗಡೆಗೆ ಅಡ್ಡಿ ಮಾಡಲಿಲ್ಲ. 12 ಮಂದಿಯಲ್ಲಿ ಒಬ್ಬರು ತೀರ್ಪು ಕೇಳಲು ಬದುಕಿರಲಿಲ್ಲ. 2021ರಲ್ಲಿ ಜೈಲುವಾಸದಲ್ಲಿದ್ದಾಗಲೇ ತೀರಿಕೊಂಡಿದ್ದರು.

ಅದೇ ತಿಂಗಳ 31ರಂದು 2008ರ ಮಾಲೆಗಾಂವ್ ಸ್ಫೋಟ ಪ್ರಕರಣದ ಏಳು ಆರೋಪಿಗಳೂ ಖುಲಾಸೆಯಾದರು. ಇವರು ಹಿಂದುತ್ವ ಸಂಘಟನೆಗಳೊಂದಿಗೆ ಗುರುತಿಸಲ್ಪಟ್ಟವರು. ಅವರಲ್ಲೊಬ್ಬರ ದೇವಳಾಲಿಯ ಮನೆಯಿಂದ ಒರೆಸಿ ತೆಗೆದ ಹತ್ತಿಯಲ್ಲಿ ಆರ್‌ಡಿಎಕ್ಸ್ ಲೇಶ ಸಿಕ್ಕಿತೆಂದು ಮಹಾರಾಷ್ಟ್ರ ಎಟಿಎಸ್ ಹೇಳಿತ್ತು. ಆದರೆ ಅಧಿಕೃತ ಶೋಧಕ್ಕೂ ಮೊದಲೇ ಎಟಿಎಸ್ ಅಧಿಕಾರಿಯೊಬ್ಬರು ಆ ಮನೆಯೊಳಗೆ ಒಬ್ಬರೇ ಇದ್ದುದನ್ನು ಕಂಡೆವೆಂದು ಸೇನೆಯ ಇಬ್ಬರು ಹೇಳಿಕೆ ಕೊಟ್ಟಿದ್ದನ್ನು ಎನ್‌ಐಎ 2016ರ ಆರೋಪಪಟ್ಟಿಯಲ್ಲಿ ಸೇರಿಸಿತ್ತು.

ಮಾಲೆಗಾಂವ್‌ನಲ್ಲಿ ಸತ್ತ ಆರು ಮಂದಿಯ ಮನೆಯವರ ನೋವು ನಮ್ಮದೂ ಹೌದು. ಈ ತೀರ್ಪು ನಮ್ಮಲ್ಲಿ ಅನೇಕರಿಗೆ ಕಹಿಯಾಗಿದೆ. ಆದರೆ ಮುಂಬೈಯ 12 ಮಂದಿಯ ಪರವಾಗಿ ನಾವು ಕೇಳುವ ಪ್ರಶ್ನೆಯನ್ನೇ ಅಲ್ಲಿಯೂ ಕೇಳಬೇಕಾಗುತ್ತದೆ. ಹತ್ತಿಯ ಉಂಡೆಯನ್ನು ಒರೆಸಿದವರು ಯಾರು, ಯಾವಾಗ, ಯಾರ ಎದುರಿನಲ್ಲಿ? ಅದು ಯಾರ ಕೈಗಳನ್ನು ದಾಟಿ ಪ್ರಯೋಗಾಲಯ ಸೇರಿತು? ಯಂತ್ರ ಎಷ್ಟೇ ನಿಖರವಾಗಿರಲಿ, ಅದರ ಬಾಯಿಗೆ ಹಾಕುವ ಮಾದರಿ ಪ್ರಾಮಾಣಿಕವಾಗಿರದಿದ್ದರೆ ಫಲಿತಾಂಶವೂ ಪ್ರಾಮಾಣಿಕವಾಗಿರುವುದಿಲ್ಲ. ಆರೋಪಿಯ ಧರ್ಮ ನೋಡಿ ಈ ಪ್ರಶ್ನೆಯನ್ನು ಎತ್ತುವುದೋ ಬಿಡುವುದೋ ಎಂದು ತೀರ್ಮಾನಿಸುವವರಿಗೆ ನ್ಯಾಯದ ಮಾತನಾಡುವ ಹಕ್ಕಿಲ್ಲ.

ಪವಿತ್ರ ಕುರ್‌ಆನ್‌ನ ಹುಜುರಾತ್ ಅಧ್ಯಾಯದಲ್ಲಿ, ನಂಬಲರ್ಹನಲ್ಲದವನು ಸುದ್ದಿ ತಂದಾಗ ಮೊದಲು ಅದನ್ನು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆಯಿದೆ. ಸುದ್ದಿ ತರುವವನು ಇಂದು ಮನುಷ್ಯನೇ ಆಗಬೇಕೆಂದಿಲ್ಲ, ಯಂತ್ರವೂ ಆಗಬಹುದು. ಪರಿಶೀಲನೆಯ ಹೊಣೆ ಮಾತ್ರ ಮನುಷ್ಯನದೇ.

ಈ ಹೊಣೆಯನ್ನು ಕಾರ್ಯರೂಪಕ್ಕೆ ತರುವುದು ಅಸಾಧ್ಯವೇನಲ್ಲ. ಹೊಸ ಸಂವೇದಕವನ್ನು ಕೊಳ್ಳುವ ಮುನ್ನ ಸರಕಾರ ಸ್ವತಂತ್ರ ಪರೀಕ್ಷೆ ನಡೆಸಿ, ಅದು ಎಷ್ಟು ಸಲ ತಪ್ಪುತ್ತದೆ ಎಂಬುದನ್ನು ಬಹಿರಂಗಪಡಿಸಲಿ. ನಮ್ಮ ಸಂತೆ, ಬಸ್ ನಿಲ್ದಾಣ, ಗಣಿ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಎಷ್ಟು ಲೇಶವಿರುತ್ತದೆ ಎಂದು ಸಮೀಕ್ಷೆಯಾಗಲಿ. ಯಂತ್ರದ ಎಚ್ಚರಿಕೆ ತನಿಖೆಯ ಆರಂಭವಾಗಲಿ, ಶಿಕ್ಷೆಯ ಆಧಾರವಾಗದಿರಲಿ. ಮಾದರಿಯ ಒಂದು ಭಾಗ ಆರೋಪಿಯ ಕಡೆಯ ತಜ್ಞನಿಗೂ ಸಿಗಲಿ. ಬರ್ಮಿಂಗ್‌ಹ್ಯಾಮ್ ಪ್ರಕರಣದ ನ್ಯಾಯಾಲಯ ಡಾ. ಬ್ಲ್ಯಾಕ್‌ರ ಮಾತಿಗೆ ಕಿವಿಗೊಟ್ಟಿದ್ದರೆ, ಯಾರಾದರೂ ಒಂದು ಕಟ್ಟು ಇಸ್ಪೀಟು ತರಿಸಿ ಆ ಪರೀಕ್ಷೆಯನ್ನು ಅಂದೇ ಮಾಡಿ ನೋಡಿದ್ದರೆ, ಆರು ಮಂದಿಯ 16 ವರ್ಷ ಉಳಿಯುತ್ತಿತ್ತು. ಅದಕ್ಕೆ ನ್ಯಾನೋ ತಂತ್ರಜ್ಞಾನ ಬೇಕಿರಲಿಲ್ಲ.